ಮಣ್ಣು ಬೆಂದರೆ ಗಟ್ಟಿಯಂತೆ!

ಕೈಗಾ ಅಣುಸ್ಥಾವರದ ಹೆಸರು ಬಂತೆಂದರೆ ಸಾಕು, ಕಾರವಾರದ ವೇದಿಕೆಗಳ ಮೇಲೆ ಭೂಗರ್ಭ ಪಂಡಿತರು ಎದ್ದು ನಿಲ್ಲುತ್ತಾರೆ. ಅವರ ಸಿದ್ಧಾಂತ ಸರಳ: ಅಣುತ್ಯಾಜ್ಯವನ್ನು ಗುಡ್ಡದ ಹೊಟ್ಟೆಯಲ್ಲಿಟ್ಟು ಸುತ್ತ ನಮ್ಮ ಕೆಮ್ಮಣ್ಣು ಜಡಿಯಿರಿ. ತ್ಯಾಜ್ಯದ ಕಾವಿಗೆ ಮಣ್ಣು ಬೆಂದು ಹಂಚಿನಂತೆ ಗಟ್ಟಿಯಾಗುತ್ತದೆ. ಲಕ್ಷ ವರ್ಷ ಗ್ಯಾರಂಟಿ. ಚಪ್ಪಾಳೆ!

ಪಂಡಿತರೇ, ಬಿರುಕು ಬಿಟ್ಟ ಹಂಚು ತಾನಾಗಿ ಕೂಡಿಕೊಂಡದ್ದನ್ನು ಯಾವ ಮಳೆಗಾಲದಲ್ಲಿ ಕಂಡಿರಿ? ಭೂಗತ ಸಂಗ್ರಹಾಗಾರದಲ್ಲಿ ಜೇಡಿಮಣ್ಣು ಮಾಡಬೇಕಾದದ್ದು ನೀರು ಕುಡಿದು ಉಬ್ಬಿ ಸಂದು ಮುಚ್ಚುವ ಕೆಲಸ. ಅದಕ್ಕೆ ಬೆಂಟೊನೈಟ್ ಎಂಬ ಉಬ್ಬುವ ಜೇಡಿಯೇ ಬೇಕು. ಕಚ್ಛ್, ಬಾರ್ಮೇರ್ ಕಡೆ ಸಿಗುತ್ತದೆ. ನಮ್ಮ ಶೇಡಿಮಣ್ಣಿನಲ್ಲೂ ಕೆಮ್ಮಣ್ಣಿನಲ್ಲೂ ಹೆಚ್ಚಾಗಿರುವ ಕೆಯೊಲಿನೈಟ್ ಎಂಬ ಖನಿಜ ಎಷ್ಟು ಕುಡಿದರೂ ಉಬ್ಬುವುದು ಅಷ್ಟಕ್ಕಷ್ಟೆ.

ಸ್ವೀಡನ್, ಫಿನ್ಲೆಂಡಿನವರ ಲೆಕ್ಕ ಬೇರೆ. 5 ಸೆಂ.ಮೀ. ದಪ್ಪದ ತಾಮ್ರದ ಡಬ್ಬಿ, ಸುತ್ತ ಸುಮಾರು 35 ಸೆಂ.ಮೀ. ಬೆಂಟೊನೈಟ್, 400–500 ಮೀಟರ್ ಆಳದ ಬಂಡೆ. ಬೆಂಟೊನೈಟ್ 100 ಡಿಗ್ರಿ ದಾಟಕೂಡದು. ಅದಕ್ಕಾಗಿ ಡಬ್ಬಿಗೆ ತುಂಬುವ ಬಳಸಿದ ಇಂಧನವನ್ನು ಮೊದಲು ದಶಕಗಟ್ಟಲೆ ತಣಿಸುತ್ತಾರೆ, ಡಬ್ಬಿಗಳ ನಡುವೆ ಮೀಟರುಗಟ್ಟಲೆ ಜಾಗ ಬಿಡುತ್ತಾರೆ. ಕಾವು ಏರಿದರೆ ಡಬ್ಬಿಗೆ ತಾಗಿದ ಮಣ್ಣಿನ ನೀರು ಆವಿಯಾಗಿ ಹೊರಗಿನ ತಂಪಿನತ್ತ ಸರಿಯುತ್ತದೆ. ಮಣ್ಣು ಕುಗ್ಗಿ ಸೀಳುತ್ತದೆ. ಒಣಮಣ್ಣು ಶಾಖ ದಾಟಿಸುವುದು ತೋಯ್ದ ಮಣ್ಣಿನ ಅರ್ಧಕ್ಕೂ ಕಡಿಮೆ. ಹಾಗಾಗಿ ಡಬ್ಬಿ ಇನ್ನಷ್ಟು ಕಾಯುತ್ತದೆ, ಮಣ್ಣು ಇನ್ನಷ್ಟು ಒಣಗುತ್ತದೆ. ಕಾವು ಬಹುಕಾಲ ನಿಂತು, ಅಂತರ್ಜಲದಲ್ಲಿ ಪೊಟ್ಯಾಸಿಯಂ ಬೇರೆ ಸಿಕ್ಕಿತೋ, ಬೆಂಟೊನೈಟಿನಲ್ಲಿರುವ, ಉಬ್ಬುವ ಸ್ಮೆಕ್ಟೈಟ್ ಖನಿಜ ಉಬ್ಬದ ಇಲೈಟ್ ಎಂಬ ಖನಿಜವಾಗಿ ಕೂರುತ್ತದೆ. ಬಂಡೆಯ ಬದಲು ಜೇಡಿಪದರದಲ್ಲೇ ಹೂತರೆ ಮತ್ತೊಂದು ತಾಪತ್ರಯ: ಬಿಸಿಯಾದ ನೀರು ಹಿಗ್ಗುತ್ತದೆ, ಸೂಕ್ಷ್ಮ ರಂಧ್ರಗಳಿಂದ ಬೇಗ ಹೊರಬರಲಾರದೆ ಒಳಗೇ ಒತ್ತುತ್ತದೆ.

ಸ್ವಿಟ್ಜರ್ಲೆಂಡಿನ ಗ್ರಿಮ್ಸೆಲ್ ಸುರಂಗದಲ್ಲಿ 1997ರಲ್ಲಿ ಬೆಂಟೊನೈಟಿನ ನಡುವೆ ತ್ಯಾಜ್ಯದ ಬದಲಿಗೆ 100 ಡಿಗ್ರಿಯ ಎರಡು ಹೀಟರ್ ಹಚ್ಚಿದರು. ಎರಡನೆಯದನ್ನು ಬಿಚ್ಚಿ ನೋಡಿದ್ದು 2015ರಲ್ಲಿ! 2021ರಿಂದ ಅಲ್ಲೇ 200 ಡಿಗ್ರಿವರೆಗೆ ಕಾಯಿಸಿ ನೋಡುತ್ತಿದ್ದಾರೆ. ಪಾಪ, ನಮ್ಮ ವೇದಿಕೆಗೆ ಬಂದಿದ್ದರೆ ಹಾರ ಹಾಕಿಸಿಕೊಳ್ಳುವಷ್ಟರಲ್ಲಿ ಉತ್ತರ ಸಿಗುತ್ತಿತ್ತು.

ಎದುರು ವೇದಿಕೆಯವರೂ ಕಡಿಮೆಯಿಲ್ಲ. ಗುಡ್ಡ ಆಗಲೇ ಒಳಗೊಳಗೆ ಬೇಯುತ್ತಿದೆ ಎನ್ನುತ್ತಾರೆ. ಬೇಯಿಸಲು ಒಳಗೇನಿದೆ? ಭಾರತದಲ್ಲಿ ಇಂಥ ಆಳದ ಸಂಗ್ರಹಾಗಾರ ಇನ್ನೂ ಆಗಿಲ್ಲ. ಬಳಸಿದ ಇಂಧನವನ್ನು ನೀರಿನಲ್ಲಿ ತಣಿಸಿ, ಮರುಸಂಸ್ಕರಿಸಿ, ಉಳಿದ ಕಡುವಿಕಿರಣದ ತ್ಯಾಜ್ಯವನ್ನು ಗಾಜಿನಲ್ಲಿ ಬೆಸೆದಿಡುವುದು ಇಲ್ಲಿನ ನೀತಿ.

ಆದರೇನು, ಗುಡ್ಡ ಗೊತ್ತಾಗುವ ಮೊದಲೇ ಕೆಮ್ಮಣ್ಣು ಸಾಗಿಸುವ ಟಿಪ್ಪರ್ ಗುತ್ತಿಗೆ ಯಾರಿಗೆಂದು ಎರಡೂ ವೇದಿಕೆಯವರು ಒಟ್ಟಿಗೆ ಕೂತು ತೀರ್ಮಾನಿಸಿದ್ದಾರಂತೆ.