ಕತ್ತರಿ ಹಾಕುವ ಮುಂಚೆ ಒಂದು ಮಾತು

ಹಳೆ ರಿಸೆಪ್ಷನ್ ಲೆಹೆಂಗಾ, ರೇಷ್ಮೆ ಸೀರೆ ಎಲ್ಲವನ್ನೂ ಕತ್ತರಿಸಿ ಕುಶನ್ ಕವರ್ ಮಾಡಿ ಅಂತ ಹಳೆ ಮದುವೆ ಬಟ್ಟೆಗಳ ಮರುಬಳಕೆ ಕುರಿತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಚಮಕಿ ಇರುವ ಕುಶನ್‌ಗೆ ಒಂದು ಸಲ ತಲೆ ಇಟ್ಟು ನೋಡಿ, ಕೆನ್ನೆ ಪರಚಿದ ಹಾಗಾಗುತ್ತದೆ!

ಮೈಸೂರು ಸಿಲ್ಕ್ ಆದರಂತೂ ಆತುರ ಬೇಡ. ಕೆಎಸ್‌ಐಸಿ (ಸರ್ಕಾರದ ರೇಷ್ಮೆ ನಿಗಮ) ಸೀರೆಯ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇರುತ್ತದೆ. "ಹಳೇ ಜರಿ ಸೀರೆ" ಅಂತ ಕೂಗುತ್ತಾ ಬರುವವರಿಗೆ ಸುಮ್ನೆ ಕೊಟ್ಟುಬಿಡಬೇಡಿ, ನಾಲ್ಕು ಕಡೆ ವಿಚಾರಿಸಿ. ನಮ್ಮ ಮನೆಯಲ್ಲಿ ಸೀರೆಯ ಮೈ ಪಿಸಿದಿತ್ತು, ಅಂಚು ಗಟ್ಟಿ ಇತ್ತು. ಅದನ್ನು ಬಿಡಿಸಿ ಮಗಳ ಲಂಗಕ್ಕೆ ಹಾಕಿಸಿದೆವು. ಉಳಿದ ತುಂಡು ದಸರಾದಲ್ಲಿ ಪಟ್ಟದ ಗೊಂಬೆಗಳಿಗೆ. ರಾಜನಿಗೆ ಪೇಟ, ರಾಣಿಗೆ ಸೀರೆ. ರೇಷ್ಮೆ ಜಾರುತ್ತದೆ, ಅದಕ್ಕೇ ಗೊಂಬೆಯ ಸೊಂಟಕ್ಕೆ ಮೊದಲು ದಾರ ಸುತ್ತಿ ಆಮೇಲೆ ನೆರಿಗೆ ಸಿಕ್ಕಿಸಬೇಕು.

ದಾನ ಕೊಡುವಾಗ ಯಾರಿಗೆ ಅನ್ನೋದೂ ಮುಖ್ಯ ಅಲ್ವಾ? ವೃದ್ಧಾಶ್ರಮಕ್ಕೆ ಭಾರದ ಲೆಹೆಂಗಾ ಕೊಟ್ಟರೆ ಅವರಾದರೂ ಏನು ಮಾಡಬೇಕು! ಅಲ್ಲಿ ಬೇಕಿರುವುದು ಮೆತ್ತನೆ ಹತ್ತಿ ಸೀರೆ, ನೈಟಿ. ಮಂಡ್ಯ ಕಡೆ ಹಳ್ಳಿಗಳಲ್ಲಿ ಈಗಲೂ ಪೌರಾಣಿಕ ನಾಟಕ ಆಡುತ್ತಾರೆ. ದ್ರೌಪದಿಗೆ ಮಿಂಚುವ ಬಟ್ಟೆ ಬೇಕೇ ಬೇಕು, ವೇಷಭೂಷಣ ಬಾಡಿಗೆಗೆ ಕೊಡುವವರನ್ನು ಕೇಳಿ ನೋಡಿ.

ಯಾರದಾದರೂ ಮದುವೆಗೆ ಕೊಡುವುದಾದರೆ ಡ್ರೈವಾಶ್ ಮಾಡಿಸಿ, ಕಿತ್ತುಹೋದ ಹುಕ್ ಹಾಕಿಸಿ, ಬ್ಲೌಸ್ ಜೊತೆಗೇ ಕೊಡಿ. ಬ್ಲೌಸ್ ಒಳಗೆ ಟೈಲರ್ ಜಾಸ್ತಿ ಬಿಟ್ಟಿರುವ ಬಟ್ಟೆ ಹಾಗೇ ಇರಲಿ, ತೊಡುವವರು ತಮ್ಮ ಅಳತೆಗೆ ಹೊಲಿಗೆ ಬಿಚ್ಚಿಸಿಕೊಳ್ಳುತ್ತಾರೆ.