ಬಾಗಿಲಲ್ಲಿ ನೀರು, ನಲ್ಲಿಯಲ್ಲಿ ಗಾಳಿ

ಹಬ್ಬ ಬಂತು ಅಂದರೆ ಪೇಪರಿನ ಮೊದಲ ಪುಟ ಪೇಪರಿನವರದ್ದಲ್ಲ, ಫ್ರಿಜ್ ಮಾರುವವರದ್ದು. ಬೀರುವಿಗಿಂತ ಅಗಲದ ಎರಡು ಬಾಗಿಲಿನ ಫ್ರಿಜ್. ಪಕ್ಕದಲ್ಲಿ ಒಬ್ಬಾಕೆ ಅದರ ಬಾಗಿಲಿಗೆ ಗಾಜಿನ ಲೋಟ ಒತ್ತಿ ನಗುತ್ತಿರುತ್ತಾಳೆ. ಬಾಗಿಲಿಂದಲೇ ತಣ್ಣೀರು, ಬಾಗಿಲಿಂದಲೇ ಐಸು. ಬೆಂಗಳೂರಲ್ಲಿ ಲೋಟ ಹಿಡಿದ ತಕ್ಷಣ ನೀರು ಬಂದರೆ ಯಾರಿಗಾದರೂ ನಗು ಬಂದೇ ಬರುತ್ತದೆ. ಆ ನಗುವಿನಲ್ಲಿ ನಟನೆ ಇಲ್ಲ, ನಾನು ನಂಬುತ್ತೇನೆ.

ಜಾಹೀರಾತು ಹೇಳದ ವಿಷಯವನ್ನು ಅಂಗಡಿಯಲ್ಲಿ ಯಾರಾದರೂ ಹಿರಿಯರು ಕೇಳಿಯೇ ಕೇಳುತ್ತಾರೆ.

‘ಏನಪ್ಪಾ, ಇದಕ್ಕೆ ನೀರು ಎಲ್ಲಿಂದ ಬರುತ್ತೆ?’

‘ಒಳಗೆ ಟ್ಯಾಂಕ್ ಇದೆ ಆಂಟಿ. ನಾಲ್ಕು ಲೀಟರ್.’

‘ಅದಕ್ಕೆ ಹಾಕೋರು ಯಾರು?’

‘ನೀವೇ ಹಾಕ್ಬೇಕು.’

ಅಂದರೆ ಬಾಗಿಲು ತೆಗೆದು, ಜಗ್ಗಿನಲ್ಲಿ ನೀರು ಸುರಿದು, ಬಾಗಿಲು ಮುಚ್ಚಿ, ಹೊರಗೆ ನಿಂತು ಅದೇ ನೀರನ್ನು ಲೋಟಕ್ಕೆ ಹಿಡಿಯಬೇಕು. ಜಗ್ಗನ್ನೇ ಒಳಗಿಟ್ಟಿದ್ದರೆ ಆಗುತ್ತಿರಲಿಲ್ವಾ ಅಂತ ಆಂಟಿ ಕೇಳುವಷ್ಟರಲ್ಲಿ ಸೇಲ್ಸ್ ಹುಡುಗ ಇಎಂಐ ಲೆಕ್ಕಕ್ಕೆ ಹೋಗಿರುತ್ತಾನೆ.

ಇನ್ನೊಂದು ಜಾತಿ ಇದೆ, ನೇರವಾಗಿ ಪೈಪ್ ಕನೆಕ್ಷನ್ ಕೊಡುವಂಥದ್ದು. ಇದು ಕುಲೀನ. ಆದರೆ ಇದಕ್ಕೆ ನೀರು ಇದ್ದರೆ ಸಾಲದು, ನೀರಿಗೆ ಪ್ರೆಶರ್ ಬೇಕು. ಇಂಥ ಎಷ್ಟೋ ಮಾಡೆಲ್‌ಗಳು ಕೇಳುವುದು ಕನಿಷ್ಠ 20 ಪಿಎಸ್‌ಐ. ಬರೀ ಎತ್ತರದಿಂದಲೇ ಅಷ್ಟು ಒತ್ತಡ ಬರಬೇಕಾದರೆ ನಿಮ್ಮ ಟ್ಯಾಂಕು ಫ್ರಿಜ್‌ಗಿಂತ ಸುಮಾರು 14 ಮೀಟರ್ ಮೇಲಿರಬೇಕು. ತಲೆ ಮೇಲೆ ಹತ್ತಡಿ ಎತ್ತರದಲ್ಲಿ ಸಿಂಟೆಕ್ಸ್ ಇಟ್ಟುಕೊಂಡವರು ಒಂದು ಲೋಟ ತಣ್ಣೀರಿಗಾಗಿ ಇನ್ನೂ ಮೂರು ಮಹಡಿ ಕಟ್ಟಿಸಬೇಕು. ಅದಕ್ಕೆ ಸಾಲ ಸಿಗುತ್ತದೆ, ಅಡ್ಡಿಯಿಲ್ಲ. ಇಲ್ಲದಿದ್ದರೆ ಪ್ರೆಶರ್ ಪಂಪ್ ಹಾಕಿಸಿ. ಪಂಪಿಗೆ ಕರೆಂಟು, ಕರೆಂಟಿಗೆ ಯುಪಿಎಸ್ಸು.

ಪಾಪ, ಆ ನೀರು ಇಷ್ಟರಲ್ಲೇ ಎಷ್ಟು ಮಹಡಿ ಹತ್ತಿ ಬಂದಿರುತ್ತದೆ! ಕಾವೇರಿ ನೀರಿನ ಪಂಪಿಂಗ್ ಕೇಂದ್ರವಿರುವ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿಯಲ್ಲಿ ಮತ್ತೆ ಪಂಪಾಗಿ, ತಾತಗುಣಿಯಲ್ಲಿ ಇನ್ನೊಮ್ಮೆ ಪಂಪಾಗಿ, ಸುಮಾರು 100 ಕಿಲೋಮೀಟರ್ ಬಂದು ಊರು ಸೇರುತ್ತದೆ. ವಾಲ್ವ್‌ಮ್ಯಾನ್ ಮನಸ್ಸು ಮಾಡಿದರೆ ನಮ್ಮ ಸಂಪಿಗೆ ಇಳಿಯುತ್ತದೆ. ಸಂಪಿನಿಂದ ಮೋಟಾರು ಹತ್ತಿ ಮೇಲಿನ ಟ್ಯಾಂಕಿಗೆ, ಅಲ್ಲಿಂದ ಇಳಿದು ಪ್ಯೂರಿಫೈಯರಿಗೆ. ಪ್ಯೂರಿಫೈಯರು ಒಂದು ಪಾಲು ಚರಂಡಿಗೆ ಬಿಟ್ಟು ಉಳಿದದ್ದನ್ನು ಫ್ರಿಜ್‌ಗೆ ಕೊಟ್ಟರೆ, ಫ್ರಿಜ್ಜಿನ ಫಿಲ್ಟರು ‘ನಾನೊಮ್ಮೆ ನೋಡ್ತೀನಿ’ ಅನ್ನುತ್ತದೆ. ಇಷ್ಟು ತಪಾಸಣೆ ವಿಧಾನಸೌಧದ ಕಡತಕ್ಕೂ ಇಲ್ಲ. ಕೊನೆಗೆ ಅದು ಐಸಾಗಿ ಲೋಟಕ್ಕೆ ಠಣ್ ಅಂತ ಬೀಳುತ್ತದೆ. ಆದರೆ ಮೊದಲ ದಿನದ ಐಸು ಬಳಸಬೇಡಿ, ಎಸೆಯಿರಿ ಅಂತ ಕೈಪಿಡಿಯಲ್ಲಿ ಬರೆದಿರುತ್ತಾರೆ. ಕಾವೇರಿ ತಾಯಿ ಅಷ್ಟು ದೂರ ಬಂದದ್ದು ಸಿಂಕಿಗೆ ಬೀಳೋದಕ್ಕೆ.

ಐಸಿನ ಹುಚ್ಚು ಹೊಸದೇನಲ್ಲ ಬಿಡಿ. 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ‘ಟಸ್ಕನಿ’ ಎಂಬ ಹಡಗು ಸುಮಾರು 180 ಟನ್ ಮಂಜುಗಡ್ಡೆ ಹೊತ್ತು ಕಲ್ಕತ್ತಕ್ಕೆ ಬಂತು. ಕೆರೆಯಲ್ಲಿ ಹೆಪ್ಪುಗಟ್ಟಿದ ನೀರನ್ನು ಕೊಯ್ದು, ಮರದ ಹೊಟ್ಟು ಸುತ್ತಿ ಸಾಗಿಸುವ ವ್ಯಾಪಾರ. ನಾಲ್ಕು ತಿಂಗಳ ದಾರಿಯಲ್ಲಿ ಕರಗಿ ಉಳಿದದ್ದು ಸುಮಾರು 100 ಟನ್. ಕಂಪನಿ ಸಾಹೇಬರು ಕುಣಿದಾಡಿದರು. ಆಮೇಲೆ ಮದ್ರಾಸಿನಲ್ಲಿ ಐಸ್ ಇಡಲೆಂದೇ ಕಡಲ ದಂಡೆಯಲ್ಲಿ ಗುಂಡನೆಯ ಕಟ್ಟಡ ಕಟ್ಟಿದರು. ಮುಂದೆ 1897ರಲ್ಲಿ ವಿವೇಕಾನಂದರು ಉಳಿದದ್ದು ಅದೇ ಮನೆಯಲ್ಲಿ. ಸಾಹೇಬರ ಗ್ಲಾಸು ತಣ್ಣಗಿರಲಿ ಅಂತ ಅರ್ಧ ಭೂಮಿ ಸುತ್ತಿದ ಆ ಹಡಗಿನಲ್ಲಿ ಶೇಕಡ 44ರಷ್ಟು ಸೋರಿಕೆ. ನಮ್ಮ ಜಲಮಂಡಳಿಯವರು ಇದನ್ನು ಓದಿದರೆ ಸ್ವಲ್ಪ ಧೈರ್ಯ ತಂದುಕೊಳ್ಳಬಹುದು.

ನಮ್ಮೂರಲ್ಲೂ ಡಿಸ್ಪೆನ್ಸರ್ ಇದೆ, ಮರೆಯಬೇಡಿ. ವಾರ್ಡಿನ ಮೂಲೆಯಲ್ಲಿ ‘ಶುದ್ಧ ಕುಡಿಯುವ ನೀರಿನ ಘಟಕ’ ಅಂತ ಬೋರ್ಡು. ನಾಣ್ಯ ಹಾಕಿದರೆ 20 ಲೀಟರ್. ವೈಫೈ ಇಲ್ಲ, ಐಸ್ ಇಲ್ಲ. ನಾಣ್ಯ ಸಿಕ್ಕಿಕೊಂಡರೆ ಕೈಯಿಂದ ನಾಲ್ಕು ಗುದ್ದು ಕೊಡಬೇಕು, ಅದೇ ಅದರ ಟಚ್ ಸ್ಕ್ರೀನ್. 2024ರ ಮಾರ್ಚಲ್ಲಿ ಎಷ್ಟೋ ಕಡೆ ಇದರ ಮುಂದೆ ‘ಒಬ್ಬರಿಗೆ ಒಂದೇ ಕ್ಯಾನ್’ ಅಂದರು. ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದ ಹೆಂಗಸರು ಕ್ಯಾನ್‌ಗಳನ್ನು ಸಾಲಾಗಿ ಇಟ್ಟು ಬಿಸಿಲಲ್ಲಿ ಕಾದರು. ಒಂದು ದಿನದ ಕೂಲಿ ಹೋಗುತ್ತೆ, ನೀರು ಸಿಗುತ್ತೆ. ಅಥವಾ ಎರಡೂ ಹೋಗುತ್ತೆ.

ಆಗ ನಗರದ ಬೋರ್‌ವೆಲ್‌ಗಳಲ್ಲಿ ಹತ್ತಿರಹತ್ತಿರ ಅರ್ಧ ಬತ್ತಿದ್ದವು. ತಮ್ಮ ಮನೆಯ ಬೋರ್‌ವೆಲ್ಲೂ ಬತ್ತಿದೆ ಅಂತ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಹೇಳಿದರು. ಐದು ಕಿಲೋಮೀಟರ್ ಒಳಗೆ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತು. ಆ ಪಟ್ಟಿ ಹಿಡಿದು ಟ್ಯಾಂಕರಿನವನಿಗೆ ಫೋನ್ ಮಾಡಿದವರಿಗೆ ಸಿಕ್ಕ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್, 110 ಹಳ್ಳಿಗಳಿಗೆ. ಒಳ್ಳೆಯದೇ ಆಯಿತು. ಆ ಹಳ್ಳಿಗಳೆಲ್ಲ ಪಾಲಿಕೆಗೆ ಸೇರಿದ್ದು ಮಾತ್ರ 2007ರಲ್ಲಿ. ಹದಿನೇಳು ವರ್ಷ! ಅಷ್ಟರಲ್ಲಿ ಕೆರೆ ಒತ್ತುವರಿ ಮಾಡಿದವರು ದೊಡ್ಡವರಾದರು, ಬಡಾವಣೆಗೆ ಕೆರೆಯ ಹೆಸರನ್ನೇ ಇಟ್ಟರು, ನಾವು ಸೈಟು ತಗೊಂಡು ಹೆಮ್ಮೆಪಟ್ಟೆವು. ನೀರು ಕೇಳಿದವರಿಗೆ ನಲ್ಲಿ ಕೊಟ್ಟರು, ನಲ್ಲಿ ತಿರುಗಿಸಿದರೆ ಬುಸ್ ಅಂತ ಗಾಳಿ ಬಂತು. ಗಾಳಿಗೂ ಮೀಟರ್ ತಿರುಗುತ್ತದೆ ಅಂತ ಗೋಳಾಡಿದವರನ್ನು ಕೇಳುವವರೇ ಇಲ್ಲ. ಇದರಲ್ಲಿ ತಮಾಷೆ ಏನೂ ಇಲ್ಲ, ಬೇಸರ ಅಷ್ಟೇ.

ಇಷ್ಟೆಲ್ಲ ಕೇಳಿಯೂ ಫ್ರಿಜ್ ಬೇಕೇ ಬೇಕು ಅನ್ನುವವರು ಮೊದಲು ಅಡುಗೆಮನೆ ಬಾಗಿಲು ಅಳೆಯಿರಿ. ಇಂಥ ಫ್ರಿಜ್ ಸುಮಾರು 91 ಸೆಂಟಿಮೀಟರ್ ಅಗಲ. ನಮ್ಮ ಅಡುಗೆಮನೆ ಬಾಗಿಲುಗಳು ಅದಕ್ಕಿಂತ ಕಿರಿದು. ಫ್ರಿಜ್ಜಿನ ಬಾಗಿಲು ಕಳಚಿ ಒಳಗೆ ಸಾಗಿಸಬಹುದು ಅಂತಾರೆ. ಅದೂ ಆಗದಿದ್ದರೆ ಚೌಕಟ್ಟು ಒಡೆಸಬೇಕು. ಗಾರೆಯವನು ಬಂದು ಸಿಮೆಂಟ್ ಕಲಸೋಕೆ ನೀರು ಕೇಳುತ್ತಾನೆ. ಬೇಸಿಗೆಯಾಗಿದ್ದರೆ ಹುಷಾರು. ಕಟ್ಟಡದ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ 2024ರಲ್ಲೂ 2025ರಲ್ಲೂ ಆದೇಶ ಬಂದಿತ್ತು. ಟ್ಯಾಂಕರಿನವನ ನಂಬರ್ ಇದೆ ತಾನೇ?