ಆರು ಹೊಡೆಯೋರನ್ನ ಸೇರಿಸಿದ್ರೆ ಅಟ್ಯಾಕ್ ಟೀಮ್ ಆಗಲ್ಲ ಮಾರಾಯ್ರೇ

ಭಾನುವಾರ ಶಿವಮೊಗ್ಗದ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಹೊಟ್ಟೆ ತುಂಬಿಸಿಕೊಂಡು ಬರೋಣ ಅಂತ ಹೋದವನು ಹೊಟ್ಟೆ ಉರಿಸಿಕೊಂಡು ಬಂದೆ. ಊಟದ್ದೇನೂ ತಪ್ಪಿಲ್ಲ, ಅಕ್ಕನ ಕೈಯಡುಗೆ ಬಗ್ಗೆ ಮಾತಾಡೋ ಧೈರ್ಯ ನನಗಿಲ್ಲ. ತಪ್ಪೆಲ್ಲ ಅಳಿಯನದು.

ಹುಡುಗ ಪಿಯುಸಿ ಮುಗಿಸಿ ರಿಸಲ್ಟಿಗೆ ಕಾಯುತ್ತಾ ಮನೆಯಲ್ಲಿ ಬಿದ್ದುಕೊಂಡಿದ್ದಾನೆ. ಈಗ ಅವನಿಗೆ ಪೋಕೆಮಾನ್ ಶೋಡೌನ್ ಹುಚ್ಚು. ಆರಾರು ಪೋಕೆಮಾನ್ ಕಟ್ಟಿಕೊಂಡು, ಒಂದೊಂದನ್ನೇ ಇಳಿಸಿ ಆನ್‌ಲೈನಿನಲ್ಲಿ ಕಾದಾಡೋ ಆಟ. ಹತ್ತಿಸಿದವನು ನಾನೇ. ಅಕ್ಕನಿಗೆ ಇದು ಗೊತ್ತಿಲ್ಲ, ಕಾಮೆಂಟಿನಲ್ಲಿ ಯಾರೂ ಬಾಯಿ ಬಿಡಬೇಡಿ. "ಮಾವ, ಬೆಂಕಿ ಅಟ್ಯಾಕ್ ಟೀಮ್ ಕಟ್ಟಿದೀನಿ, ನೋಡು ಬಾ" ಅಂತ ಕರೆದ. ಮಜ್ಜಿಗೆ ಲೋಟ ಹಿಡಿದುಕೊಂಡು ಅವನ ಹಿಂದೆ ನಿಂತೆ.

ಟೀಮ್ ನೋಡಿ. ಚಾರಿಜಾರ್ಡ್, ಡ್ರಾಗೊನೈಟ್, ಸಾಲಮೆನ್ಸ್, ಗ್ಯಾರಡಾಸ್, ಮೋಲ್ಟ್ರೆಸ್, ಗಾರ್ಚಾಂಪ್. ಆರಕ್ಕೆ ಆರೂ ಕೈಯಲ್ಲಿ ಲೈಫ್ ಆರ್ಬ್, ಅಂದರೆ ಹೊಡೆತ ಜಾಸ್ತಿ ಮಾಡಿ ಬದಲಿಗೆ ಜೀವ ಕೀಳೋ ಗುಂಡು. ಮದುವೆ ದಿಬ್ಬಣ ಹೊರಟ ಹಾಗಿತ್ತು.

ಎದುರಿನವನು ಯಾರೋ ಸ್ಟಾಲ್ ಆಡೋ, ಅಂದರೆ ತಡೆದು ತಡೆದೇ ಸುಸ್ತು ಮಾಡಿಸೋ, ಪುಣ್ಯಾತ್ಮ. ಕ್ಲಾಡ್‌ಸೈರ್ ಇಳಿಸಿದ. ನಮ್ಮ ಹುಡುಗ ಸಾಲಮೆನ್ಸ್ ಇಳಿಸಿ, ಹೊಡೆತ ಮತ್ತು ವೇಗ ಎರಡನ್ನೂ ಏರಿಸೋ ಡ್ರಾಗನ್ ಡ್ಯಾನ್ಸ್ ಮಾಡಿದ. ಅಷ್ಟರಲ್ಲಿ ಎದುರಿನವನು ನಮ್ಮ ಕಡೆ ಸ್ಟೆಲ್ತ್ ರಾಕ್ ಅನ್ನೋ ಚೂಪು ಕಲ್ಲು ಹಾಕಿದ. ಮುಂದಿನ ಟರ್ನಿಗೆ ಕ್ಲಾಡ್‌ಸೈರನ್ನ ಒಳಗೆ ಕರೆದು ಡೊಂಡೋಜೊನ ಬಿಟ್ಟ. ಗೊತ್ತಲ್ಲ, ಆ ದಪ್ಪ ಮೀನು. ಅಳಿಯ ಹೊಡೆದ. ಮೀನು ಅಲ್ಲಾಡಲಿಲ್ಲ. ಮತ್ತೆ ಡ್ಯಾನ್ಸ್. ಮತ್ತೆ ಹೊಡೆದ. ಮೀನು ರೆಸ್ಟ್ ಹಾಕಿ ಮಲಗಿತು, ಜೀವ ಪೂರ್ತಿ ತುಂಬಿತು. ಇವನ ಸಾಲಮೆನ್ಸ್ ಒಂದೊಂದು ಏಟಿಗೂ ಲೈಫ್ ಆರ್ಬಿಗೆ ತನ್ನದೇ ಜೀವದಲ್ಲಿ ನೂರಕ್ಕೆ ಹತ್ತು ಕಂದಾಯ ಕಟ್ಟುತ್ತಾ ಕೊನೆಗೆ ತಾನೇ ಸತ್ತು ಬಿತ್ತು. ಆಮೇಲೆ ಡ್ರಾಗೊನೈಟ್ ಬಂತು, ಅದೂ ಡ್ಯಾನ್ಸ್ ಮಾಡಿತು. ಗ್ಯಾರಡಾಸ್ ಬಂತು, ಅದೂ ಡ್ಯಾನ್ಸ್. ಮೀನು ನಿದ್ದೆಯಲ್ಲೇ ಇತ್ತು.

ಇಪ್ಪತ್ತೇಳನೇ ಟರ್ನಿಗೆ ಆಟ ಬಿಟ್ಟು ಎದ್ದ. ಆರು ಸೊನ್ನೆ. "ಈ ಗೇಮೇ ಸರಿಯಿಲ್ಲ ಮಾವ, ಅಟ್ಯಾಕ್ ಆಡೋರಿಗೆ ಬೆಲೆಯೇ ಇಲ್ಲ" ಅಂದ. ನನಗೆ ಉರಿದಿದ್ದು ಆಗ.

ಅಲ್ಲ, ಇದು ಇವನೊಬ್ಬನ ರೋಗ ಅಲ್ಲ. ಹದಿನೈದು ವರ್ಷದಿಂದ ನೋಡುತ್ತಿದ್ದೇನೆ. ಅಟ್ಯಾಕ್ ಟೀಮ್ ಕಟ್ಟು ಅಂದರೆ ಜನ ಜೋರಾಗಿ ಹೊಡೆಯೋ ಆರನ್ನ ಹುಡುಕಿ ಸಾಲಾಗಿ ನಿಲ್ಲಿಸುತ್ತಾರೆ. ಮದುವೆ ಮನೆಗೆ ಆರು ಜನ ಹೋಳಿಗೆ ಭಟ್ಟರನ್ನೇ ಕರೆಸಿದ ಹಾಗೆ. ತರಕಾರಿ ಹೆಚ್ಚೋರು ಯಾರು? ಒಲೆಗೆ ಸೌದೆ ಹಾಕೋರು ಯಾರು? ಎಲೆ ತೆಗೆಯೋರು ಯಾರು? ಕೇಳಿದರೆ "ನಮ್ಮದು ಹೋಳಿಗೆ ಊಟ ಸ್ವಾಮಿ" ಅಂತಾರೆ.

ಆ ಸ್ಟೆಲ್ತ್ ರಾಕನ್ನೇ ತಗೊಳ್ಳಿ. 2006ರ ಡೈಮಂಡ್, ಪರ್ಲ್ ಆಟದಿಂದ ಇದೆ. ನಮ್ಮ ಹುಡುಗ ಹುಟ್ಟೋಕೂ ಮುಂಚಿನ ಕಲ್ಲು. ಒಂದು ಸಲ ಹಾಕಿದರೆ, ಯಾರಾದರೂ ತೆಗೆಯೋವರೆಗೂ, ಒಳಗೆ ಬರೋ ಪ್ರತಿಯೊಬ್ಬರಿಗೂ ಏಟು. ಮಾಮೂಲಿ ಪೋಕೆಮಾನಿಗೆ 12.5 ಶೇಕಡ. ಕಲ್ಲಿಗೆ ಹೆದರೋ ಜಾತಿಗೆ 25. ಎರಡೂ ಟೈಪ್ ಹೆದರೋದಾದರೆ 50. ಚಾರಿಜಾರ್ಡ್, ಮೋಲ್ಟ್ರೆಸ್ ಎರಡೂ ಬೆಂಕಿ, ಹಾರೋ ಜಾತಿ. ಅಂದರೆ ಬಾಗಿಲು ದಾಟುವಾಗಲೇ ಅರ್ಧ ಜೀವ ಖಾಲಿ. ಒಂದು ಸಲ ಹೊರಗೆ ಹೋಗಿ ಮತ್ತೆ ಬಂದರೆ ಹೊಸ್ತಿಲಲ್ಲೇ ಹೆಣ. ಡ್ರಾಗೊನೈಟ್, ಸಾಲಮೆನ್ಸ್, ಗ್ಯಾರಡಾಸಿಗೆ ಕಾಲು ಭಾಗ. ಆರರಲ್ಲಿ ಐದು! ಗಾರ್ಚಾಂಪ್ ಒಂದೇ ಆ ಕಲ್ಲಿನ ಮೇಲೆ ಚಪ್ಪಲಿ ಹಾಕಿಕೊಂಡ ಹಾಗೆ ನಡೆದು ಬಂದಿದ್ದು. ಎದುರಿನವನು ಒಂದು ಟರ್ನು ಖರ್ಚು ಮಾಡಿ ಇವನ ಅರ್ಧ ಟೀಮ್ ಮುಗಿಸಿಟ್ಟಿದ್ದ. ಇವನು ಆ ಹೊತ್ತಲ್ಲಿ ಡ್ಯಾನ್ಸ್ ಮಾಡ್ತಿದ್ದ.

"ಕಲ್ಲು ತೆಗೆಯೋರು ಯಾರೋ?" ಅಂದೆ.

"ತೆಗೆಯೋದೆಲ್ಲ ಡಿಫೆನ್ಸ್ ಟೀಮಿನವರ ಕೆಲಸ ಅಲ್ವಾ?"

ಮಜ್ಜಿಗೆ ನೆತ್ತಿಗೆ ಹತ್ತಿತು.

ಹೋಗಲಿ, ನೀನಾದರೂ ಕಲ್ಲು ಹಾಕಿದ್ಯಾ? ಇಲ್ಲ. ಕಲ್ಲು ಬೇಕಾಗಿರೋದೇ ಹೊಡೆಯೋರಿಗೆ, ಇದು ಇವರ ತಲೆಗೆ ಹೋಗೋದೇ ಇಲ್ಲ. ಈ ಆಟದಲ್ಲಿ ಒಂದೇ ಏಟು ಯಾವಾಗಲೂ ಒಂದೇ ಸಮ ಬೀಳಲ್ಲ. 85ರಿಂದ 100 ಶೇಕಡದೊಳಗೆ ಹದಿನಾರು ಮೆಟ್ಟಿಲು, ಯಾವುದಾದರೂ ಬೀಳಬಹುದು. ಎದುರಿನವನಿಗೆ ಕೂದಲೆಳೆಯಷ್ಟು ಜೀವ ಉಳಿದರೆ ಅವನು ತಿರುಗಿ ಹೊಡೆಯುತ್ತಾನೆ, ನಿಮ್ಮ ತೆಳ್ಳಗಿನ ಪೈಲ್ವಾನ ಸಾಯುತ್ತಾನೆ. ಆ ಕೂದಲೆಳೆಯನ್ನ ಮೊದಲೇ ಕಿತ್ತಿಡೋದು ಕಲ್ಲು. ಆ 12.5ಕ್ಕೋಸ್ಕರ ಒಬ್ಬ ಸತ್ತರೂ ನಷ್ಟ ಇಲ್ಲ.

ಇಷ್ಟು ಹೇಳಿದ ಮೇಲೆ ಡ್ರಾಗೊನೈಟ್ ತೆರೆದು ನೋಡಿದೆ. ನೇಚರ್, ಅಂದರೆ ಸ್ವಭಾವ, ಅಡಮೆಂಟ್. ಅಂದರೆ ಹೊಡೆತ ಜಾಸ್ತಿ ಇರಲಿ ಅಂತ. ಸರಿ, ಲೆಕ್ಕ ಹಾಕೋಣ ಬಾ ಅಂತ ಪಕ್ಕದಲ್ಲಿ ಕೂತೆ. ಪೂರ್ತಿ ಇವಿ (ತರಬೇತಿ ಅಂಕ) ಹಾಕಿದರೆ ಅಡಮೆಂಟ್‌ನಲ್ಲಿ ಅಟ್ಯಾಕ್ 403, ವೇಗ ಏರಿಸೋ ಜಾಲಿ ಹಾಕಿದರೆ 367. ಮೂವತ್ತಾರು ಅಂಕದ ಆಸೆ. ಈಗ ಸ್ಪೀಡ್ ನೋಡು. ಅಡಮೆಂಟ್‌ನಲ್ಲಿ 259, ಒಂದು ಡ್ಯಾನ್ಸ್ ಆದ ಮೇಲೆ 388. ಜಾಲಿಯಲ್ಲಿ 284, ಡ್ಯಾನ್ಸ್ ಆದ ಮೇಲೆ 426. ಪೂರ್ತಿ ವೇಗದ ಡ್ರಾಗಾಪಲ್ಟ್ ಎಷ್ಟು? 421. ಐದೇ ಐದು ಅಂಕದಲ್ಲಿ ಮುಂದೆ. ಮೂವತ್ತಾರಕ್ಕೆ ಆಸೆ ಬಿದ್ದು ಆ ಐದನ್ನ ಕೈಬಿಟ್ಟಿದ್ದೀಯ. ಎಕ್ಸ್‌ಟ್ರೀಮ್ ಸ್ಪೀಡ್ ಇದೆಯಲ್ಲ, ಮೊದಲು ಅದೇ ಹೊಡೆಯುತ್ತೆ ಅಂತೀಯ? ಡ್ರಾಗಾಪಲ್ಟ್ ದೆವ್ವದ ಜಾತಿ, ಅದಕ್ಕೆ ಆ ಏಟು ತಾಗೋದೇ ಇಲ್ಲ. ಹುಡುಗ ಕ್ಯಾಲ್ಕುಲೇಟರ್ ತೆಗೆದು ನೋಡಿ ಸುಮ್ಮನಾದ. ಹೋದ ವಾರ ಡ್ರಾಗಾಪಲ್ಟ್ ಕೈಯಲ್ಲೇ ಮೂರು ಮ್ಯಾಚ್ ಸೋತಿದ್ದನಂತೆ. ಅದನ್ನೂ ಗೇಮಿನ ತಪ್ಪು ಅಂದುಕೊಂಡಿದ್ದ.

ಡ್ರಾಗೊನೈಟಿಗೆ ಮಲ್ಟಿಸ್ಕೇಲ್ ಇದೆ. ಜೀವ ಪೂರ್ತಿ ಇದ್ದಾಗ ಬೀಳೋ ಏಟು ಅರ್ಧ ಮಾತ್ರ. ಕಲ್ಲು ತುಳಿದರೆ ಅದೂ ಹೋಯಿತು. ಅದಕ್ಕೇ ಕಲ್ಲು ತಾಗದ ಹಾಗೆ ಅದರ ಕಾಲಿಗೆ ಹೆವಿ ಡ್ಯೂಟಿ ಬೂಟ್ಸ್ ಹಾಕೋದು, ಕೈಗೆ ಲೈಫ್ ಆರ್ಬ್ ಕೊಡೋದಲ್ಲ. ಲೈಫ್ ಆರ್ಬ್ ಕಟ್ಟಿ ಕಲ್ಲಿನ ಮೇಲೆ ಇಳಿಸೋದು ಅಂದರೆ ಮಳೆಗಾಲದಲ್ಲಿ ಆಗುಂಬೆಗೆ ಬಿಳಿ ಪಂಚೆ ಉಟ್ಟು ಹೋದ ಹಾಗೆ.

ನಾನು ಹೇಳೋದು ಇಷ್ಟೇ. ಅಟ್ಯಾಕ್ ಟೀಮ್ ಕಟ್ಟುವಾಗ ಮೊದಲು ಕೇಳಬೇಕಾದ್ದು "ಯಾರು ಜೋರಾಗಿ ಹೊಡೀತಾರೆ" ಅಂತಲ್ಲ. ಕೊನೆಯಲ್ಲಿ ಯಾರು ನಿಂತಿರಬೇಕು? ಅವನಿಗೆ ಅಡ್ಡ ಬರೋರು ಯಾರು? ಆ ಅಡ್ಡಗೋಡೆ ಒಡೆದು ಸಾಯೋರು ಯಾರು? ಹಿಂದಿನಿಂದ ಮುಂದಕ್ಕೆ ಕಟ್ಟಬೇಕು. ಡ್ರಾಗೊನೈಟ್ ಗೆಲ್ಲಿಸಬೇಕು ಅಂದರೆ ಆ ಡೊಂಡೋಜೊ ಸಾಯಲೇಬೇಕು. ಅದಕ್ಕೆ ಅನ್‌ಅವೇರ್ ಅಂತ ಗುಣ. ನೀವು ಮೂರಲ್ಲ, ಮೂವತ್ತು ಡ್ಯಾನ್ಸ್ ಮಾಡಿ, ಅದರ ಕಣ್ಣಿಗೆ ಬೀಳಲ್ಲ. ಆದರೆ ಅದರ ಸ್ಪೆಷಲ್ ಡಿಫೆನ್ಸ್, ಅಂದರೆ ಗುದ್ದದೆ ಹೊಡೆಯೋ ಏಟು ತಡೆಯೋ ಶಕ್ತಿ, ಬೇಸ್ 65 ಅಷ್ಟೇ. ರೇಜಿಂಗ್ ಬೋಲ್ಟ್ ಥರದ್ದೊಂದು ಬಂದು ಕರೆಂಟ್ ಹೊಡೆದರೆ ಮೀನು ಸಾರಾಗುತ್ತೆ. ಆಗ ಅವನು ಬ್ಲಿಸ್ಸಿ ಇಳಿಸ್ತಾನೆ. ಬ್ಲಿಸ್ಸಿಗೆ ಜೀವ 255, ಆದರೆ ಡಿಫೆನ್ಸ್ ಬರೀ 10. ಕೈಯಿಂದ ಗುದ್ದಿದರೆ ಉರುಳುತ್ತೆ. ಅಂದರೆ ಮೀನು ಮತ್ತು ಬ್ಲಿಸ್ಸಿ ಒಬ್ಬರ ಕುಂದು ಇನ್ನೊಬ್ಬರು ಮುಚ್ಚೋ ಗಂಡ ಹೆಂಡತಿ. ಎರಡು ಕಡೆಯಿಂದಲೂ ಹೊಡೆಯೋರು ಬೇಕು. ನಮ್ಮವನ ಆರರಲ್ಲಿ ಐದು ಒಂದೇ ಕಡೆಯಿಂದ ಗುದ್ದೋರು. ಆರನೆಯದು ಬೆಂಕಿ ಹಕ್ಕಿ, ನೀರಿನ ಮೀನಿನ ಮುಂದೆ ಬೆಂಕಿ ಉಗುಳ್ತಾ ಕೂತಿತ್ತು.

ಕಿಂಗ್ಯಾಂಬಿಟ್ ನೋಡಿ, ಎಷ್ಟು ಚಂದದ ಪ್ರಾಣಿ. ಜೊತೆಯವರು ಒಬ್ಬೊಬ್ಬರು ಸತ್ತ ಹಾಗೂ ಅದರ ಹೊಡೆತ ಶೇಕಡ 10 ಏರುತ್ತೆ. ಐದೂ ಜನ ಹೋದರೆ 50. ನಿಮ್ಮವರ ಸಾವು ಲೆಕ್ಕಕ್ಕೆ ಬರುತ್ತೆ ಅಂತ ಆಟ ಮಾಡಿದವರೇ ಬರೆದಿಟ್ಟಿದ್ದಾರೆ. ಇದಕ್ಕಿಂತ ಬಿಡಿಸಿ ಹೇಳೋದು ಹೇಗೆ?

ಗೊತ್ತು, ಈಗ ಕೆಲವರು ಬರ್ತೀರ. "ಇಷ್ಟೆಲ್ಲ ತಲೆಬಿಸಿ ಯಾಕೆ, ಇಂಟರ್ನೆಟ್ಟಿನಲ್ಲಿ ರೆಡಿ ಟೀಮ್ ಸಿಗುತ್ತಲ್ಲ, ಕಾಪಿ ಮಾಡಿ ಆಡಿದ್ರೆ ಆಯ್ತು." ಮಾಡಿ. ಯಾವಾಗ ಯಾರನ್ನ ಬಲಿ ಕೊಡಬೇಕು ಅಂತ ಆ ಟೀಮಿನ ಜೊತೆ ಬರೆದು ಕೊಟ್ಟಿರಲ್ಲ. ಇನ್ನು ಕೆಲವರು, ನಮ್ಮ ಅಳಿಯನೂ ಸೇರಿ, ಪಚಿರಿಸು ಕಥೆ ತೆಗೀತಾರೆ. 2014ರಲ್ಲಿ ವಾಷಿಂಗ್ಟನ್ ಡಿ.ಸಿ.ಯ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕೊರಿಯಾದ ಸೇಜುನ್ ಪಾರ್ಕ್ ಆ ಪುಟ್ಟ ಅಳಿಲನ್ನ ಇಟ್ಟುಕೊಂಡು ಗೆದ್ದ, ಹಾಗಾಗಿ ಇಷ್ಟ ಆದದ್ದನ್ನ ಆಡಬಹುದು ಅಂತ. ಅಯ್ಯೋ, ಆ ಅಳಿಲು ಚಂದ ಇದೆ ಅಂತ ಅವನು ತಂದಿದ್ದಾ? ಅದು ಇಬ್ಬಿಬ್ಬರು ಆಡೋ ಡಬಲ್ಸ್. ಫಾಲೋ ಮಿ ಹಾಕಿ, ಪಕ್ಕದ ಗ್ಯಾರಡಾಸಿಗೆ ಬೀಳಬೇಕಾದ ಏಟನ್ನೆಲ್ಲ ತನ್ನ ಮೈಮೇಲೆ ಎಳ್ಕೊಳ್ತಿತ್ತು. ಕರೆಂಟ್ ಹೊಡೆದರೆ ಅದನ್ನ ಕುಡಿದು ಜೀವ ತುಂಬಿಸಿಕೊಳ್ತಿತ್ತು. ನಾನು ಬೆಳಗಿಂದ ಹೇಳ್ತಿರೋದೇ ಅದು! ನಿಮ್ಮ ಪುರಾವೆ ನನ್ನ ಕಡೆ ಸಾಕ್ಷಿ ಹೇಳ್ತಿದೆ, ಸ್ವಲ್ಪ ಗಮನಿಸಿ.

"ಸ್ಟಾಲ್ ಆಡೋರು ಹೇಡಿಗಳು" ಅನ್ನೋ ಮಾತಿಗೆ ಮಾತ್ರ ನಾನು ಅಡ್ಡ ಬರಲ್ಲ. ಒಪ್ಪಿಗೆ ಇದೆ. ಆದರೆ ಆಟದ ಒಂಬತ್ತನೇ ತಲೆಮಾರಿನಲ್ಲಿ, ಜೀವ ತುಂಬಿಸಿಕೊಳ್ಳೋ ರಿಕವರ್, ರೂಸ್ಟ್ ಇವನ್ನೆಲ್ಲ ಒಂದು ಮ್ಯಾಚಿನಲ್ಲಿ 16 ಸಲ ಬಳಸಬಹುದಾಗಿದ್ದದ್ದನ್ನ 8ಕ್ಕೆ ಇಳಿಸಿದ್ದಾರೆ. ಇದು ಯಾರಿಗೆ ಅನುಕೂಲ? ಹೊಡೆಯೋರಿಗೆ. ಅಷ್ಟು ಮಾಡಿಕೊಟ್ಟ ಮೇಲೂ ಸೋತು ಬಂದು "ಅಟ್ಯಾಕಿಗೆ ಬೆಲೆಯಿಲ್ಲ" ಅಂದರೆ ಏನು ಹೇಳಲಿ.

ಒಂದು ಮಾತು ಒಪ್ಪಿಕೊಳ್ಳಬೇಕು. ಇಷ್ಟು ಉರಿದದ್ದು ಹುಡುಗನ ಮೇಲೆ ಮಾತ್ರ ಅಲ್ಲ.

ಹಾಸ್ಟೆಲ್ ಗೆಳೆಯರಿಗೆ ನನ್ನ ಗಾರ್ಚಾಂಪ್ ನೆನಪಿದೆ. ಆ ಕಾಲದಲ್ಲಿ ಸ್ಮೋಗನ್ನಿನವರು, ಅಂದರೆ ಈ ಆಟಕ್ಕೆ ನಿಯಮ ಮಾಡೋ ಬಳಗ, ಇದು ಅತಿಯಾಯಿತು ಅಂತ ಅದನ್ನ ಮಾಮೂಲಿ ಆಟದಿಂದ ಎತ್ತಿ ಊಬರ್ಸ್ ಅನ್ನೋ ಅತಿ ಬಲಶಾಲಿಗಳ ಪಟ್ಟಿಗೆ ಹಾಕಿದ್ದರು. ಬೇಸ್ ಸ್ಪೀಡ್ 102. ಆಗ 100ರ ಗುಂಪಿನಲ್ಲಿ ದೊಡ್ಡ ದೊಡ್ಡವರೆಲ್ಲ ನಿಂತಿದ್ದರು, ಇದು ಅವರೆಲ್ಲರಿಗಿಂತ ಎರಡೇ ಹೆಜ್ಜೆ ಮುಂದೆ. ನನಗೆ ಅದರ ಮೇಲೆ ಹುಚ್ಚು ಪ್ರೀತಿ. ಎಷ್ಟು ಪ್ರೀತಿ ಅಂದರೆ ಅದನ್ನ ಸಾಯಲು ಬಿಡ್ತಿರಲಿಲ್ಲ. ಕೊನೆಗೆ ಬೇಕಾಗುತ್ತೆ, ಕೊನೆಗೆ ಬೇಕಾಗುತ್ತೆ ಅಂತ ಒಳಗೇ ಕೂರಿಸಿಡ್ತಿದ್ದೆ. ಉಳಿದ ಐದೂ ಜನ ಅದರ ಬದಲು ಏಟು ತಿಂದು ಸಾಯೋರು. ಕೊನೆಗೆ ಗಾರ್ಚಾಂಪ್ ಇಳಿದಾಗ ಎದುರಿಗೆ ನಾಲ್ಕು ಜನ ಜೀವಂತ ಇರ್ತಿದ್ದರು, ಅದರಲ್ಲಿ ಒಬ್ಬನ ಕೈಯಲ್ಲಿ ಐಸ್ ಬೀಮ್. ನಾಲ್ಕು ಪಟ್ಟು ಏಟು. ಎಷ್ಟು ಮ್ಯಾಚ್ ಹೀಗೆ ಸೋತೆನೋ ಲೆಕ್ಕ ಇಟ್ಟಿಲ್ಲ. ಸ್ವಭಾವವೇ ಹಾಗೆ. ಅಪ್ಪನ ಹಳೇ ಬಜಾಜ್ ಸ್ಕೂಟರ್ ಇವತ್ತಿಗೂ ನಮ್ಮ ಕೊಟ್ಟಿಗೆಯಲ್ಲಿ ನಿಂತಿದೆ. ಓಡಲ್ಲ. ಮಾರೋಕೂ ಮನಸ್ಸಿಲ್ಲ. ಹೆಂಡತಿ ಅದರ ಮೇಲೆ ಅಡಿಕೆ ಚೀಲ ಒಟ್ಟಿದ್ದಾಳೆ.

ಸಂಜೆ ಕಾಫಿ ಆದ ಮೇಲೆ ಹುಡುಗ ಮತ್ತೆ ಕರೆದ. ಟೀಮ್ ಬಿಚ್ಚಿ ಹೊಸದಾಗಿ ಕಟ್ಟಿದ್ದ. ಚಾರಿಜಾರ್ಡ್, ಮೋಲ್ಟ್ರೆಸ್, ಸಾಲಮೆನ್ಸ್, ಗ್ಯಾರಡಾಸ್ ಎಲ್ಲ ಮನೆಗೆ. ಡ್ರಾಗೊನೈಟ್ ಉಳಿದಿತ್ತು, ಈಗ ಜಾಲಿ, ಕಾಲಿಗೆ ಬೂಟ್ಸ್. ಮೀನಿಗೆ ರೇಜಿಂಗ್ ಬೋಲ್ಟ್. ಹಾಕಿದ ಕಲ್ಲು ಯಾರೂ ತೆಗೆಯದ ಹಾಗೆ ಕಾಯೋಕೆ ಘೋಲ್ಡೆಂಗೊ. ದೆವ್ವದ ಜಾತಿಯಾದ್ದರಿಂದ ಕಲ್ಲು ಗುಡಿಸೋ ರ‍್ಯಾಪಿಡ್ ಸ್ಪಿನ್ ಅದಕ್ಕೆ ತಾಗಲ್ಲ, ಅದೇ ಕೆಲಸದ ಡಿಫಾಗ್ ಅದರ ವಿಶೇಷ ಗುಣದಿಂದಾಗಿ ಅದರ ಮೇಲೆ ನಡೆಯಲ್ಲ. ಕೊನೆಗೆ ಕಿಂಗ್ಯಾಂಬಿಟ್. ಪರವಾಗಿಲ್ವೇ ಅಂದುಕೊಂಡೆ. ಎರಡು ಗಂಟೆಯಲ್ಲಿ ಕಲಿತ, ನನಗೆ ಎರಡು ವರ್ಷ ಬೇಕಾಗಿತ್ತು.

ಮ್ಯಾಚ್ ಶುರುವಾಯಿತು. ಮೊದಲನೆಯವನಾಗಿ ಇಳಿಸಿದ್ದು ಗಾರ್ಚಾಂಪ್. ಒಂದೇ ಏಟಿಗೆ ಸಾಯದ ಹಾಗೆ ಫೋಕಸ್ ಸ್ಯಾಷ್ ಕಟ್ಟಿದ್ದ. ಮೊದಲ ಟರ್ನಿಗೆ ಕಲ್ಲು ಹಾಕಿತು, ಏಟು ತಿಂದು ಒಂದೇ ಒಂದು ಅಂಕ ಜೀವ ಉಳಿಸಿಕೊಂಡಿತು.

"ಒಳಗೆ ಕರಿಯೋ, ಮುಂದೆ ಬೇಕಾಗುತ್ತೆ" ಅಂದೆ. ಬಾಯಿಂದ ತಾನಾಗೇ ಬಂತು.

"ಅದರ ಕೆಲ್ಸ ಆಯ್ತಲ್ಲ ಮಾವ" ಅಂದ. ನೆಲಕ್ಕೆ ಮುಳ್ಳು ಹಾಕೋ ಸ್ಪೈಕ್ಸ್ ಒತ್ತಿದ. ಎದುರಿನವನು ಮೊದಲು ಹೊಡೆದ. ಗಾರ್ಚಾಂಪ್ ಬಿತ್ತು. ಹುಡುಗ ಅದರ ಕಡೆ ನೋಡಲೂ ಇಲ್ಲ, ರೇಜಿಂಗ್ ಬೋಲ್ಟನ್ನ ಕರೆಯುತ್ತಿದ್ದ.

"ಅಯ್ಯೋ, ಹೋಯ್ತಲ್ಲೋ" ಅಂದೆ. ಸ್ವಲ್ಪ ಜೋರಾಗೇ ಅಂದಿರಬೇಕು.

ಅಕ್ಕ ಒಗ್ಗರಣೆ ಸೌಟು ಹಿಡಿದು ಅಡುಗೆಮನೆಯಿಂದ ಓಡಿ ಬಂದಳು. "ಯಾರು ಹೋದ್ರೋ?"

"ಯಾರೂ ಇಲ್ಲ ಅಕ್ಕ" ಅಂದೆ.